ಪೊರಕೆ ತಂತಿಯ ಕರೆ

“ಏನ್ ಬೇಕಾದ್ರೂ ಕೇಳು ತಮ್ಮಾ, ತೊಟ್ಟಿ ಬಡಿಯೋದು ನಿಲ್ಸು ಅಂತ ಮಾತ್ರ ಅನ್ಬೇಡ,” ಎಂದ ಕ್ಲಿಯೋಫಸ್. “ಮುದುಕಿ ತಂತಿ ಮೀಟೋವಾಗ ಈ ಬೀದೀಲಿ ಯಾರೂ ಸುಮ್ನಿರಲ್ಲ. ಸುಮ್ನಿರಬಾರದು.”

“ಸುಮ್ನಿದ್ರೆ ಏನು, ಆಕಾಶ ಕಳಚಿ ಬೀಳುತ್ತಾ?”

“ಆಕಾಶ ಬಿದ್ರೆ ಎಲ್ರ ಮೇಲೂ ಬೀಳುತ್ತೆ. ಇದು ಕೇಳ್ದೋನ ಮೇಲೇ ಬೀಳೋದು.”

ಲಿಯಾಂಡರ್ ಪ್ರೂಯಿಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ಈ ಬೀದಿಯ ಕರಿಯರ ಪೈಕಿಯವನೇ, ಇವರದೇ ಮೈಬಣ್ಣ. ಅವನ ಅಮ್ಮ ಇದೇ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೆನ್ನು ಬಾಗಿಸಿದವಳು. ಆದರೆ ಹುಡುಗ ಹುಟ್ಟಿ ಬೆಳೆದದ್ದು ಸೇಂಟ್ ಲೂಯಿಸ್ ಪಟ್ಟಣದಲ್ಲಿ. ಮಾಟ ತಟ್ಟದಿರಲೆಂದು ಹೊಸಿಲಿಗೆ ಇಟ್ಟಿಗೆ ಪುಡಿ ಉದುರಿಸುವುದು, ದಿಂಬಿನ ಕೆಳಗೆ ಬೇರು ಇಟ್ಟು ಮಲಗುವುದು, ಇವೆಲ್ಲ ಅವನಿಗೆ ಅಮ್ಮನನ್ನು ರೇಗಿಸಲಿಕ್ಕೆ ಸಿಕ್ಕ ಸರಕು ಅಷ್ಟೆ. ಈಗ ಅವನು ಮೆಂಫಿಸ್‌ನ ಬಾಯ್ಡ್ ಎಂಬುವರ ರೆಕಾರ್ಡು ಕಂಪನಿಯ ನೌಕರ. ಕಾರಿನ ಹಿಂದೆ ಟೇಪ್ ರೆಕಾರ್ಡರ್ ಹೇರಿಕೊಂಡು ಊರೂರು ಅಲೆದು, ಯಾರೂ ಕೇಳರಿಯದ ಬೀದಿ ಹಾಡುಗಾರರನ್ನು ಹುಡುಕಿ ಹಿಡಿಯುವುದು ಅವನ ಕೆಲಸ. ಹೊಗೆಸೊಪ್ಪಿನ ಡಬ್ಬಿಗೆ ಕೋಲು ಸಿಕ್ಕಿಸಿ ಗಿಟಾರು ಮಾಡಿಕೊಂಡವರು, ಹೆಂಡದ ಜಾಡಿ ಊದುವವರು, ಒಗೆಯುವ ಹಲಗೆಯನ್ನು ಎದೆಗೆ ಒತ್ತಿಕೊಂಡು ಬೆರಳಿಗೆ ತಗಡಿನ ಟೋಪಿ ಹಾಕಿ ಗೀರುವವರು, ಇಂಥವರೆಂದರೆ ಅವನಿಗೆ ಪ್ರಾಣ. ಆ ಮಾತು ಸುಳ್ಳಲ್ಲ. ಆದರೆ ಅವರ ಸಂಗೀತ ಬೇಕು, ಅವರ ಮಾತು ಬೇಡ. ಪಟ್ಟಣದವರ ಬುದ್ಧಿಯೇ ಅಷ್ಟು.

ಕ್ಲಿಯೋಫಸ್‌ನದು ತೊಟ್ಟಿ. ಬಟ್ಟೆ ಒಗೆಯುವ ತಗಡಿನ ತೊಟ್ಟಿಯನ್ನು ಬೋರಲು ಹಾಕಿ, ನಡುವೆ ಹಗ್ಗ ಬಿಗಿದು, ಹಗ್ಗದ ತುದಿಗೆ ಪೊರಕೆ ಕೋಲು ಕಟ್ಟಿ ಎಳೆದು ಬಡಿದನೆಂದರೆ ನೆಲ ಗುಂಯ್‌ಗುಡುತ್ತಿತ್ತು. ಹಾಲ್ಸಿ ಊರಿನ ಗಿರಣಿ ಬೀದಿಯಲ್ಲಿ ಆ ಶನಿವಾರ ಮಧ್ಯಾಹ್ನ ಅವನ ಜೊತೆ ಜಾಡಿಯವನಿದ್ದ, ಹಲಗೆಯವನಿದ್ದ, ಅಡುಗೆಮನೆಯಿಂದ ಬಾಣಲೆ ತಂದು ಸೌಟಿನಲ್ಲಿ ಬಡಿಯುವ ಹೆಂಗಸರೂ ಇದ್ದರು. ಎಣ್ಣೆಯಲ್ಲಿ ಬೇಯುವ ಮೀನಿನ ವಾಸನೆ, ಗಿರಣಿಯ ಹಿಂದೆ ಸುಡುತ್ತಿದ್ದ ಹತ್ತಿಕಾಯಿ ಸಿಪ್ಪೆಯ ಕಮಟು ಹೊಗೆ, ಬೆವರು, ಧೂಳು. ಈ ಗದ್ದಲದ ಅಡಿಯಲ್ಲಿ, ಬೀದಿಯ ಕೊನೆಯ ಮನೆಯ ಜಗುಲಿಯಲ್ಲಿ, ಮುದುಕಿ ಜಿಪೋರಾ ಗೇನ್ಸ್ ಕೂತಿದ್ದಳು.

ಅವಳದು ವಾದ್ಯ ಅನ್ನಲಿಕ್ಕೂ ಆಗದ ವಾದ್ಯ. ಮನೆಯ ಮರದ ಗೋಡೆಗೆ ಎರಡು ಮೊಳೆ, ಮೊಳೆಗಳ ನಡುವೆ ಬಿಗಿದ ಒಂದೇ ಒಂದು ತಂತಿ, ತಂತಿಯನ್ನು ಎತ್ತಿ ಹಿಡಿಯಲು ಕೆಳಗೆ ತುರುಕಿದ ಒಂದು ನಶ್ಯದ ಡಬ್ಬಿ. ಎಡಗೈಯಲ್ಲಿ ಖಾಲಿ ಔಷಧಿ ಶೀಸೆ ಹಿಡಿದು ತಂತಿಯ ಮೇಲೆ ಜಾರಿಸುತ್ತ ಬಲಗೈಯಲ್ಲಿ ಮೀಟುತ್ತಿದ್ದಳು. ವೀಣೆಗೆ ಬುರುಡೆಯಿದ್ದಂತೆ ಆ ತಂತಿಗೆ ಮನೆಗೆ ಮನೆಯೇ ಬುರುಡೆ. ತೊಟ್ಟಿಯ ಏಟಿನ ಸಂದಿನಲ್ಲಿ ಅರೆಕ್ಷಣ ಆ ಸ್ವರ ಲಿಯಾಂಡರನ ಕಿವಿಗೆ ಬಿದ್ದದ್ದೇ ತಡ, ಅವನ ಮೈ ಜುಂ ಎಂದಿತು. ಇಂಥದ್ದನ್ನು ಅವನು ಎಲ್ಲೂ ಕೇಳಿರಲಿಲ್ಲ. ಈ ದರಿದ್ರ ಬಾಣಲೆ ಬಡಿತದಲ್ಲಿ ಇಂಥ ಚಿನ್ನ ಮಣ್ಣುಪಾಲಾಗುತ್ತಿದೆಯಲ್ಲ ಎಂದು ಅವನಿಗೆ ಸಿಟ್ಟೇ ಬಂತು.

ಜಗುಲಿಗೆ ಹೋಗಿ ಟೋಪಿ ತೆಗೆದ. “ಅಜ್ಜೀ, ನಿಮ್ಮ ತಂತಿ ಸದ್ದೊಂದನ್ನೇ ಟೇಪಲ್ಲಿ ಹಿಡ್ಕೋಬೇಕು ನಾನು. ಬೇರೆ ಸದ್ದು ಒಂದಿಷ್ಟೂ ಇರಬಾರದು.”

ಮುದುಕಿ ಮೀಟುವುದು ನಿಲ್ಲಿಸಿ ಅವನ ಕಾರನ್ನು, ಕಾರಿನಲ್ಲಿದ್ದ ಪೆಟ್ಟಿಗೆಯನ್ನು ನೋಡಿದಳು. “ಅದ್ರೊಳಗೆ ಹೋದ ಸದ್ದು ಎಲ್ಲೀವರ್ಗೂ ಹೋಗುತ್ತೆ ಮಗಾ?”

“ಎಲ್ಲಿಗೆ ಬೇಕಾದ್ರೂ. ಮೆಂಫಿಸ್, ಷಿಕಾಗೋ, ಸಮುದ್ರದ ಆಚೆಗೆ ಬೇಕಾದ್ರೂ.”

“ಯಾರ ಕಂಪನಿ ನಿಂದು?”

“ಬಾಯ್ಡ್ ಸಾಹೇಬ್ರದು. ಹ್ಯಾಸ್ಕೆಲ್ ಬಾಯ್ಡ್.”

ಶೀಸೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. “ಎಡಗೈಲಿ ಎರಡು ಬೆರಳು ಇಲ್ದೋನಾ?”

“ಹೌದು ಅಜ್ಜೀ! ನಿಮಗೆ ಗೊತ್ತಾ ಅವರು?”

“ಗೊತ್ತು,” ಎಂದಳು ಮುದುಕಿ. ಎದ್ದು ನಿಂತು ಬೀದಿಗೆ ಕೇಳುವಂತೆ ಕೂಗಿದಳು: “ಕ್ಲಿಯೋ! ನಿಲ್ಸೋ ತೊಟ್ಟಿ!”

ಕ್ಲಿಯೋಫಸ್‌ನ ಮುಖ ಬೂದಿಯಾಯಿತು. “ಜಿಪೋರಕ್ಕಾ, ಪಾಪ, ಪರಊರ ಹುಡುಗ ಕಣಕ್ಕಾ...”

“ನಿಲ್ಸು ಅಂದೆ.”

ತೊಟ್ಟಿ ನಿಂತಿತು. ಆಮೇಲೆ ನಡೆದದ್ದನ್ನು ನೋಡಿಯಾದರೂ ಲಿಯಾಂಡರನಿಗೆ ಬುದ್ಧಿ ಬರಬೇಕಿತ್ತು. ಹೆಂಗಸರು ಬಾಣಲೆಗಳನ್ನು ಅಲ್ಲೇ ಬಿಟ್ಟು ಮಕ್ಕಳನ್ನು ಕಂಕುಳಿಗೆ ಏರಿಸಿಕೊಂಡು ಹೊಳೆಯ ಕಡೆ ಓಡಿದರು. ಜಾಡಿಯವನು ಮೀನು ಕರಿಯುವಲ್ಲಿದ್ದ ಹಂದಿ ಕೊಬ್ಬು ಬಾಚಿ ಎರಡೂ ಕಿವಿಗೆ ಮೆತ್ತಿಕೊಂಡ. ಕೊನೆಗೆ ಹೋದವನು ಕ್ಲಿಯೋಫಸ್. ಹೋಗುವ ಮುಂಚೆ ಲಿಯಾಂಡರನ ಮುಂದೆ ನಿಂತು, ಮುದುಕಿಯ ಕಡೆ ನೋಡಿ ಹೊರಟ.

“ಹುಷಾರು, ಆಕಾಶ ಬಿದ್ದೀತು!” ಎಂದು ಲಿಯಾಂಡರ್ ಅವನ ಬೆನ್ನಿಗೆ ಕೂಗಿದ. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಅಂತ ಸುಮ್ಮನೆ ಹೇಳುತ್ತಾರೆಯೇ?

ಮೈಕನ್ನು ಗೋಡೆಗೆ ಅಂಟಿಸುವಷ್ಟು ಹತ್ತಿರ ಇಟ್ಟ. ಹೆಡ್‌ಫೋನು ಕಿವಿಗೆ ಏರಿಸಿದ. ಸುರುಳಿ ತಿರುಗತೊಡಗಿತು.

ಮೊದಲ ಮೀಟಿಗೇ ತಂತಿ ನರಳಿತು. ಶೀಸೆ ಜಾರಿದಂತೆ ಆ ನರಳಾಟಕ್ಕೆ ಬಾಯಿ ಬಂತು. ಅದು ಸ್ವರವಲ್ಲ, ಗಂಡಸಿನ ದನಿ. ಎಳೆಯ ಗಂಡಸು. ಗೋಡೆಯ ಆಚೆಯಿಂದ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಕೂಗುತ್ತಿದ್ದಂತೆ. ಬಾಗ್ಲು ತೆಗೀರೋ... ಬಾಗ್ಲು... ಮೂಗಿಗೆ ಹಸಿ ಹತ್ತಿಕಾಳಿನ ಜಿಡ್ಡು ವಾಸನೆ ಗಪ್ಪನೆ ಬಡಿಯಿತು. ಹಾಡುಹಗಲು, ಆದರೂ ಜಗುಲಿಗೆ ಕತ್ತಲೆ ಇಳಿದಂತಾಯಿತು. ಲಿಯಾಂಡರನ ತೋಳಿನ ರೋಮ ನಿಮಿರಿ ನಿಂತವು. ಅವನು ಹೆದರಲಿಲ್ಲ, ಖುಷಿಪಟ್ಟ. ತಂತಿಯನ್ನು ಹೀಗೆ ಮಾತಾಡಿಸುವ ಕೈ ದೇಶದಲ್ಲೇ ಇನ್ನೊಂದಿಲ್ಲ ಅಂದುಕೊಂಡ. ಸುರುಳಿ ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದ.

ಊರು ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಗಂಟಲು ಕೆರೆಯಲು ಶುರುವಾಯಿತು. ಕೆಮ್ಮಿದ. ನಾಲಿಗೆಯ ಮೇಲೆ ಏನೋ ಅಂಟಿತು. ಬೆರಳು ಹಾಕಿ ಎಳೆದರೆ ಒಂದು ಬಿಳಿ ಎಳೆ. ಅರಳೆ. ಹತ್ತಿ ಕಾಲ, ಗಾಳಿಯಲ್ಲೆಲ್ಲ ಅದೇ ಹಾರಾಡುತ್ತಿರುತ್ತದೆ, ಸರಿ ಅಂದುಕೊಂಡ. ಇನ್ನೂ ಒಂದು ಎಳೆ. ಎಳೆದ. ಅದು ಮುಗಿಯಲೇ ಇಲ್ಲ. ಕಾರು ನಿಲ್ಲಿಸಿ ಕನ್ನಡಿಯಲ್ಲಿ ಬಾಯಿ ಅಗಲಿಸಿದ. ಕಿರುನಾಲಿಗೆಯ ಹಿಂದೆ ಬೆಳ್ಳಗೆ, ಮುಷ್ಟಿಯಷ್ಟು ದಪ್ಪಗೆ, ಹತ್ತಿ ಕಾಯಿ ಬಿರಿದು ನಿಂತಂತೆ ಅರಳೆ ತುಂಬಿತ್ತು. ಕಿತ್ತ. ಮತ್ತೆ ತುಂಬಿತು. ಕಿತ್ತಷ್ಟೂ ತುಂಬಿತು. ಉಸಿರು ಶಿಳ್ಳೆ ಹೊಡೆಯತೊಡಗಿತು.

ಕಾರು ತಿರುಗಿಸಿದ.

ಸೂರ್ಯ ಮುಳುಗುವ ಹೊತ್ತಿಗೆ ಜಗುಲಿಯ ಮೆಟ್ಟಿಲ ಮೇಲೆ ಬಂದು ಬಿದ್ದ. ಮುದುಕಿ ಮೊದಲೇ ಒಂದು ಚೊಂಬು ನೀರು ಇಟ್ಟುಕೊಂಡು ಕಾಯುತ್ತಿದ್ದಳು.

“ಏನ್ ಮಾಡಿದ್ರಿ ನಂಗೆ?” ಮಾತಿನ ಜೊತೆ ಅರಳೆಯೂ ಹೊರಬಿತ್ತು.

“ಕುಡಿ. ಒಂದು ರಾತ್ರಿಗೆ ಸಾಕಾಗೋವಷ್ಟು ಉಸ್ರು ಬರುತ್ತೆ.” ಅವನು ಕುಡಿದ ಮೇಲೆ ಹೇಳಿದಳು. “ನನ್ ಮಗ ಎಜೆಲ್ ಗಿರಣೀಲಿ ಕೂಲಿ. ಹತ್ತಿಕಾಳು ತುಂಬೋ ಕೋಣೆ ಗೋಡೆಗೆ ತಂತಿ ಹೊಡ್ಕೊಂಡು ಊಟದ ಹೊತ್ನಲ್ಲಿ ಮೀಟೋನು. ಆಳುಗಳೆಲ್ಲ ಕೆಲಸ ಬಿಟ್ಟು ಕೇಳ್ತಾ ನಿಲ್ತಿದ್ರು. ಗಿರಣಿಯ ಬಿಳಿ ಯಜಮಾನ ಬಾಯ್ಡ್‌ಗೆ ಸಿಟ್ಟು ಬಂತು. ‘ಒಳಗೆ ನಿಂತು ಹಾಡೋ, ಹೊರಗೆ ಕೇಳ್ಸುತ್ತಾ ನೋಡಾಣ’ ಅಂತ ಕೋಣೆ ಒಳಗೆ ದಬ್ಬಿ ಅಗಳಿ ಹಾಕ್ದ. ಮೇಲಿಂದ ಕಾಳು ಬಿಡ್ಸಿದ. ಸ್ನೇಹಿತರ ಮುಂದೆ ತಮಾಷೆಗೆ. ನಗ್ತಾ ನಿಂತಿದ್ರು ಎಲ್ರೂ, ಒಳಗೆ ನನ್ ಮಗ ಕಾಳಲ್ಲಿ ಹೂತು ಉಸ್ರು ಕಟ್ಟಿ ಸತ್ತ.”

ಅವಳ ದನಿ ನಡುಗಲಿಲ್ಲ. ಅದೇ ಲಿಯಾಂಡರನನ್ನು ಹೆಚ್ಚು ಹೆದರಿಸಿತು.

“ಕೋರ್ಟಿನೋರು ಆಕಸ್ಮಿಕ ಅಂದ್ರು. ಬಾಯ್ಡ್ ಗಿರಣಿ ಮಾರಿ ಊರು ಬಿಟ್ಟ. ಮಗ ಕೊನೇ ಸಲ ಈ ಜಗುಲಿ ಇಳಿದ ಹೆಜ್ಜೆ ಗುರುತಿನ ಮಣ್ಣನ್ನ ನಾನು ಗುಡಿಸಿಟ್ಟೆ. ಆ ಪೊರಕೆಗೆ ಸುತ್ತಿದ್ದ ತಂತೀನೇ ಇದು. ಅವನ ಬಾಯಿಂದ ತೆಗೆದ ಹತ್ತಿಕಾಳು ಈ ನಶ್ಯದ ಡಬ್ಬೀಲಿದೆ. ಶನಿವಾರ ಶನಿವಾರ ಅವನನ್ನ ಕರೀತೀನಿ. ಆದ್ರೆ ನನ್ ತಂತಿ ಸದ್ದು ಈ ಬೀದಿ ದಾಟಲ್ಲ. ದಾಟೋವಷ್ಟರಲ್ಲಿ ಅಕ್ಕಪಕ್ಕದೋರಿಗೆ ತಟ್ಟುತ್ತೆ ಅಂತ ಅವ್ರು ತೊಟ್ಟಿ ಬಡೀತಾರೆ. ಮೊಳೆ ಹೊಡೆದೋರಿಗೆ ತಟ್ಟಲ್ಲ, ಅದಕ್ಕೇ ನಂಗೆ ತಟ್ಟಲ್ಲ. ಬೇರೆ ಸದ್ದಿಲ್ದೆ ಕೇಳ್ದೋರನ್ನ ಅದು ಬಿಡಲ್ಲ.”

“ಅಜ್ಜೀ, ನಾನ್ ಏನ್ ತಪ್ಪು ಮಾಡ್ದೆ?”

“ನನ್ ಮಗ ಏನ್ ತಪ್ಪು ಮಾಡಿದ್ದ?”

ಲಿಯಾಂಡರ್ ಮೆಟ್ಟಿಲ ಅಂಚಿಗೆ ಸರಿದ. ಬಗ್ಗಿ ಇನ್ನೊಂದು ಹಿಡಿ ಅರಳೆ ಕಕ್ಕಿದ.

“ನಿನ್ ಮೇಲೆ ನಂಗೇನೂ ಹಗೆ ಇಲ್ಲ ಕಂದಾ. ನೀನು ಅಂಚೆ ಚೀಲ ಇದ್ದ ಹಾಗೆ. ಆ ಬಾಯ್ಡ್ ಕಿವಿಗೆ ಇದನ್ನ ಮುಟ್ಸು. ಬರಿ ತಂತಿ, ಬೇರೆ ಸದ್ದಿಲ್ದೆ. ಮುಟ್ಟಿದ ಗಳಿಗೇನೇ ನಿನ್ ಉಸ್ರು ಸಡಿಲ ಆಗುತ್ತೆ. ಆಮೇಲೆ ಬಂದು ನಂಗೆ ಹೇಳು, ಮೊಳೆ ಕಿತ್ತಾಕ್ತೀನಿ. ಹೋಗು. ಬೆಳಗಾದ್ಮೇಲೆ ಈ ನೀರೂ ಕೆಲಸ ಮಾಡಲ್ಲ.”

ಬಾಯ್ಡ್ ಪ್ರತಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಮುಂಚೆ ಮೆಂಫಿಸ್ ಕಚೇರಿಗೆ ಬಂದು ವಾರದ ಸುರುಳಿಗಳನ್ನು ಕೇಳುತ್ತಿದ್ದ. ಅದು ಅವನ ವ್ರತ. ಸಂಗೀತ ಅಂದರೆ ಅವನಿಗೂ ಪ್ರಾಣವೇ, ಪಾಪಿ. ಲಿಯಾಂಡರ್ ರಾತ್ರಿಯಿಡೀ ಕಾರು ಓಡಿಸಿ ಬಂದಾಗ ಮಹಡಿಯ ಕೋಣೆಯಲ್ಲಿ ಬಾಯ್ಡ್ ಒಬ್ಬನೇ ಇದ್ದ. ಗರಿಗರಿ ಬಿಳಿ ಕೋಟು, ಬಾಯಲ್ಲಿ ಚುಟ್ಟಾ.

“ಏನೋ ಹುಡುಗಾ, ಹಿಟ್ಟಿನ ಮೂಟೆಗೆ ಮುಖ ಹಾಕಿದ್ಯಾ? ಏನಿದು ತುಟಿಯೆಲ್ಲ ಬೆಳ್ಳಗೆ?”

ಲಿಯಾಂಡರ್ ಬಾಯಿ ತೆರೆಯಲಿಲ್ಲ. ತೆರೆದರೆ ಮುಚ್ಚಲಾಗುತ್ತಿರಲಿಲ್ಲ. ಸುರುಳಿ ಏರಿಸಿದ. ಮೂಗಿನಲ್ಲಿ ಎಳೆಯಷ್ಟು ಉಸಿರು ಉಳಿದಿತ್ತು.

ತಂತಿ ನರಳಿತು. ಬಾಯ್ಡ್‌ನ ಮುಖ ಅರಳಿತು. “ಆಹಾ! ಒಂಟಿ ತಂತಿ! ಹಿಂದೆ ಒಬ್ಬ ಇದ್ದ ನಮ್ಮ ಗಿರಣೀಲಿ, ಹಿಂಗೇ...” ಚುಟ್ಟಾ ಬಾಯಿಂದ ಜಾರಿತು. “ಎಲ್ಲಿದು? ಯಾವೂರು?”

“ಹಾಲ್ಸಿ,” ಎಂದ ಲಿಯಾಂಡರ್ ಅರಳೆಯ ಸಂದಿನಿಂದ. “ಗಿರಣಿ ಬೀದಿ.”

ಬಾಯ್ಡ್ ಆ ಊರಲ್ಲೇ ಹುಟ್ಟಿದವನು. ಇಂಥ ತಂತಿಯ ಕರೆಯನ್ನು ಬೇರೆ ಸದ್ದಿನಲ್ಲಿ ಮುಳುಗಿಸಬೇಕೆಂದು ಅವನಿಗೆ ಗೊತ್ತಿತ್ತು. ಕುರ್ಚಿ ಉರುಳಿತು. ಅವನು ರೇಡಿಯೋಗೆ ಹಾರಿ ಗುಂಡಿ ಪೂರ್ತಿ ತಿರುಗಿಸಿದ. ಚರ್ಚಿನ ಹಾಡು ಭೋರ್ಗರೆಯಿತು. ಕಸದ ತಗಡಿನ ಡಬ್ಬಿ ಎತ್ತಿ ಮೇಜಿಗೆ ಬಡಿಯತೊಡಗಿದ. ಧಡ್. ಧಡ್. ಧಡ್. “ಆರ್ಸೋ! ಆರ್ಸೋ ಬೇವರ್ಸಿ!”

ಆ ಸದ್ದಿನಲ್ಲಿ ತಂತಿ ಮುಳುಗಿತು. ಲಿಯಾಂಡರನ ಗಂಟಲು ಪೂರ್ತಿ ಮುಚ್ಚಿತು.

ಉಸಿರಿಲ್ಲ. ಕಣ್ಣ ಮುಂದೆ ಕಪ್ಪು. ತೆವಳಿದ. ರೇಡಿಯೋದ ತಂತಿಗೆ ಕೈ ಸಿಕ್ಕಿತು. ಕಿತ್ತ. ಹಾಡು ಸತ್ತಿತು. ಡಬ್ಬಿಗೆ ಒದ್ದ. ಅದು ಮೂಲೆಗೆ ಉರುಳಿತು. ಬಾಯ್ಡ್ ಈಗ ಗಂಟಲು ಹರಿಯುವಂತೆ ದೇವರ ಹಾಡು ಹಾಡತೊಡಗಿದ. ಕಿವಿಗೆ ಬೆರಳು ತುರುಕಿಕೊಂಡ. ಮೂರು ಬೆರಳಿನ ಕೈ, ಐದು ಬೆರಳಿನ ಕೈ. ಹಾಡನ್ನು ನಿಲ್ಲಿಸುವುದು ಹೇಗೆ? ಬಾಯಿ ಮುಚ್ಚಿಸುವ ಬಲ ಲಿಯಾಂಡರನಲ್ಲಿ ಇರಲಿಲ್ಲ. ಮೇಜಿನ ಮೇಲೆ ಟೇಪ್ ಪೆಟ್ಟಿಗೆಗೆ ಸಿಕ್ಕಿಸಿದ ಹೆಡ್‌ಫೋನು ಇತ್ತು.

ಹಿಂದಿನಿಂದ ಹಾರಿ ಬಿದ್ದ. ಬಾಯ್ಡ್‌ನ ಬೆರಳುಗಳನ್ನು ಕಿವಿಯಿಂದ ಎಳೆದು ಹಾಕಿದ. ಹೆಡ್‌ಫೋನು ತಲೆಗೆ ತುರುಕಿದ. ಎರಡೂ ಅಂಗೈಯಿಂದ ಒತ್ತಿ ಹಿಡಿದ. ಮೊಣಕೈಯಿಂದ ಸದ್ದಿನ ಗುಂಡಿಯನ್ನು ಕೊನೆಯವರೆಗೂ ನೂಕಿದ.

ಹಾಡು ಅರ್ಧಕ್ಕೆ ತುಂಡಾಯಿತು.

ಲಿಯಾಂಡರನ ಎದೆಯೊಳಗೆ ಗಾಳಿ ನುಗ್ಗಿತು. ಬಾಯ್ಡ್‌ನ ಬಾಯಿಂದ ಅರಳೆ ಹೊರಬಂತು. ಮೊದಲು ಎಳೆ, ಆಮೇಲೆ ಉಂಡೆ. ಮೂಗಿನಿಂದ. ಕಣ್ಣಿನ ಅಂಚಿನಿಂದ. ಜಿಡ್ಡು ಕಾಳುಗಳು ಹಲ್ಲಿಗೆ ತಾಗಿ ಟಕಟಕ ಎಂದು ನೆಲಕ್ಕೆ ಉದುರಿದವು. ಕೋಣೆ ತುಂಬ ಹಸಿ ಹತ್ತಿಕಾಳಿನ ವಾಸನೆ. ಬಾಯ್ಡ್ ಕಣ್ಣಲ್ಲೇ ಬೇಡಿದ. ಮೂರು ಬೆರಳಿನ ಕೈ ಲಿಯಾಂಡರನ ಅಂಗಿ ಹಿಡಿದು ಜಗ್ಗಿತು.

ಕೈ ತೆಗೆದಿದ್ದರೆ ಅವನು ಉಳಿಯುತ್ತಿದ್ದನೋ ಏನೋ. ಲಿಯಾಂಡರನ ಉಸಿರು ಆಗಲೇ ಮರಳಿತ್ತು, ಅವನ ಪಾಲಿನ ಕೆಲಸ ಮುಗಿದಿತ್ತು. ಆದರೂ ಅವನು ಕೈ ತೆಗೆಯಲಿಲ್ಲ. ಮೊದಲು ಪ್ರಾಣಭಯಕ್ಕೆ ಒತ್ತಿದ ಕೈ ಈಗ ಸಿಟ್ಟಿಗೆ ಒತ್ತುತ್ತಿತ್ತು. ಆ ಸಿಟ್ಟು ತನ್ನದೋ, ಆ ಸತ್ತ ಹುಡುಗನದೋ ಅವನಿಗೆ ಗೊತ್ತಾಗಲಿಲ್ಲ. ಬಾಯ್ಡ್‌ನ ಕಿವಿಯ ಪಕ್ಕಕ್ಕೆ ಬಗ್ಗಿ, “ಎಜೆಲ್‌ನೂ ಹಿಂಗೇ ಬೇಡ್ಕೊಂಡಿದ್ನಾ ಸಾಹೇಬ್ರೇ?” ಎಂದು ಕೇಳಿದ. ಸುರುಳಿ ಮುಗಿದು ತುದಿ ಪಟಪಟ ಹೊಡೆದುಕೊಳ್ಳುವವರೆಗೂ ಹಿಡಿದೇ ಇದ್ದ.

ಬಂದ ವೈದ್ಯ ಗಂಟಲು ನೋಡಿ ತಲೆಯಾಡಿಸಿದ. ಹಳೆಯ ಗಿರಣಿಯವನು, ವರ್ಷಗಟ್ಟಲೆ ಕುಡಿದ ಹತ್ತಿ ಧೂಳು ಎದೆಯಲ್ಲಿ ಗಟ್ಟಿಯಾಗಿತ್ತು ಅಂದ. ಬಿಳಿಯನ ಹೆಣದ ಪಕ್ಕ ಕರಿಯನೊಬ್ಬ ನಿಂತಿದ್ದರೂ ಪೊಲೀಸರು ಆ ದಿನ ಅವನ ಮೈ ಮುಟ್ಟದೆ ಬಿಟ್ಟರು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಬಾಯ್ಡ್‌ನ ಪಾಲಿಗೆ ನಿಜವಾಯಿತು. ಲಿಯಾಂಡರ್ ತಾನು ಮಾಡಿದ್ದನ್ನು ಇನ್ನೂ ಉಂಡಿರಲಿಲ್ಲ.

ಆಗೊಮ್ಮೆ ಈಗೊಮ್ಮೆ ಗಂಟಲಲ್ಲಿ ಎಳೆ ಸಿಕ್ಕುತ್ತಲೇ ಇತ್ತು. ಹಾಗಾಗಿ ಮಾರನೆಯ ದಿನ ಮತ್ತೆ ಹಾಲ್ಸಿಗೆ ಹೋದ. ಜಗುಲಿಯಲ್ಲಿ ಮುದುಕಿಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ಕಣ್ಣು ಹೇಗಾಯ್ತು? ಎಷ್ಟು ಹೊತ್ತು ಒದ್ದಾಡ್ದ? ಕೊನೆಗೆ ಏನಂದ? ಹಸಿದವಳು ತಟ್ಟೆ ಬಳಿದು ತಿನ್ನುವ ಹಾಗೆ ಕೇಳಿದಳು. ಆಮೇಲೆ ಇಕ್ಕಳ ತಂದು ಎರಡೂ ಮೊಳೆ ಕಿತ್ತಳು. ತಂತಿ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಮುದುಕಿ ಅದರ ಪಕ್ಕದಲ್ಲೇ ಕುಸಿದು ಕೂತು, ಇಷ್ಟು ವರ್ಷ ಅಳದ ಅಳುವನ್ನೆಲ್ಲ ಅತ್ತಳು.

ಲಿಯಾಂಡರನ ಗಂಟಲು ನೀರು ಕುಡಿದಷ್ಟು ಹಗುರವಾಯಿತು. ಎದೆ ತುಂಬ ಉಸಿರೆಳೆದ. ಬದುಕಿದೆಯಾ ಬಡಜೀವ ಎಂದುಕೊಂಡು ಮೆಟ್ಟಿಲಿಳಿದ.

ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ಬಾಣಲೆ ಇಲ್ಲ, ಜಾಡಿ ಇಲ್ಲ, ಮಕ್ಕಳ ಗಲಾಟೆ ಇಲ್ಲ. ಎರಡೂ ಕಡೆಯ ಮನೆಗಳ ಜಗುಲಿಯಲ್ಲಿ ಜನ ನಿಂತಿದ್ದರು. ಹೆಂಗಸರು, ಮುದುಕರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಶೀಸೆ. ಒಂದೊಂದು ಮನೆಯ ಗೋಡೆಗೂ ಎರಡು ಹೊಸ ಮೊಳೆ, ಹೊಸದಾಗಿ ಬಿಗಿದ ಒಂದು ತಂತಿ.

ಲಿಯಾಂಡರ್ ಕಾರಿನ ಕಡೆ ಓಡಿದ. ಕಾರಿನ ಪಕ್ಕದ ಮನೆ ಕ್ಲಿಯೋಫಸ್‌ನದು. ಅವನು ತೊಟ್ಟಿಯಿಲ್ಲದೆ, ಬೆನ್ನು ಬಾಗಿಸಿಕೊಂಡು, ಗೋಡೆಗೆ ಆತು ನಿಂತಿದ್ದ.

“ಕ್ಲಿಯೋ ಅಣ್ಣಾ, ಬೇಡ,” ಎಂದ ಲಿಯಾಂಡರ್. “ನೀನೇ ತಾನೇ ನಂಗೆ ಬುದ್ಧಿ ಹೇಳ್ದೋನು.”

“ಹೇಳಿದ್ದೆ ತಮ್ಮಾ. ಆಗ ನಿನ್ ಪೆಟ್ಟಿಗೆ ಅಷ್ಟು ದೂರ ಹೋಗುತ್ತೆ ಅಂತ ನಂಗೊತ್ತಿರ್ಲಿಲ್ಲ. ನಿನ್ನೆ ಬಾಯ್ಡ್ ಸತ್ತ ಸುದ್ದಿ ಬಂದ್ಮೇಲೇ ಗೊತ್ತಾಯ್ತು.” ಅವನು ತಲೆ ಎತ್ತಿ ನೋಡಲಿಲ್ಲ. “ನಮ್ ತಂಗೀನ ಹೊಳೇಲಿ ಮುಳುಗ್ಸಿದೋನು ಈಗ ಷಿಕಾಗೋದಲ್ಲಿ ಅಂಗಡಿ ಇಟ್ಟಿದಾನಂತೆ.”

ಲಿಯಾಂಡರ್ ಎರಡೂ ಕಿವಿ ಮುಚ್ಚಿಕೊಂಡ. ಕ್ಲಿಯೋಫಸ್ ಒಂದೇ ಸಲ ಮೀಟಿದ. ಅಷ್ಟು ಸಾಕಾಯಿತು. ಹೆಂಗಸೊಬ್ಬಳ ದನಿ ಬೆರಳ ಸಂದಿನಿಂದ ನುಸುಳಿ ಬಂತು. ನಾಲಿಗೆಗೆ ಕೆಸರಿನ ರುಚಿ ತಾಗಿತು. ಆಮೇಲೆ ತಣ್ಣನೆಯ ಹೊಳೆ ನೀರು ಬಾಯಿ ತುಂಬಿ ಗಲ್ಲದ ಮೇಲೆ ಹರಿಯಿತು. ಬೀದಿಯುದ್ದಕ್ಕೂ ಉಳಿದವರು ತಮ್ಮ ಸರದಿಗೆ ಕಾಯುತ್ತ ನಿಂತಿದ್ದರು.

ಲಿಯಾಂಡರ್ ನೀರು ಉಗುಳಿ ಕಾರಿನ ಹಿಂಬಾಗಿಲು ತೆಗೆದ. ಹೊಸ ಸುರುಳಿ ಏರಿಸುತ್ತ, “ಅವನ ವಿಳಾಸ ಹೇಳು,” ಎಂದ.